ಗೇಮಿನೊಳಗೆ ಕೂತ ಕದಿರಯ್ಯ

ಬೆಳಗಿನ ಆರು ಗಂಟೆ. ಶಿರಾ ಬಸ್ ನಿಲ್ದಾಣದ ಪಕ್ಕದ ಟಿ.ವಿ. ಗೇಮಿನ ಅಂಗಡಿಯಲ್ಲಿ ಕದಿರಯ್ಯ ಕಸ ಗುಡಿಸಿ, ಟಿ.ವಿ. ಒರೆಸಿ, ಅದರ ಹಿಂದಿನ ಬಟ್ಟೆ ಪರದೆಯೊಳಗೆ ಹೋಗಿ ಕೂರುತ್ತಾರೆ. ಇನ್ನು ಕತ್ತಲಾಗುವವರೆಗೆ ಅವರು ಇದ್ದೂ ಇಲ್ಲದವರು.

ಹೊರಗೆ 'ಮೆಷಿನ್ ಜೊತೆ ಆಡಿ ಗೆಲ್ಲಿ' ಎಂಬ ಬೋರ್ಡಿದೆ. ಟಿ.ವಿ.ಯಲ್ಲಿ ಆ ಕಡೆ ಒಂದು ಗೆರೆ, ಈ ಕಡೆ ಒಂದು ಗೆರೆ, ನಡುವೆ ಓಡಾಡುವ ಚುಕ್ಕಿಯೇ ಚೆಂಡು. ಒಂದು ಗೆರೆಯನ್ನು ಮೆಷಿನ್ನೇ ಆಡಿಸುತ್ತದೆಂದು ಮಧುಗಿರಿ, ಪಾವಗಡದ ಕಡೆಯವರೂ ನಂಬಿದ್ದಾರೆ. ಮೆಷಿನ್ನೂ ಇಲ್ಲ, ಮಣ್ಣೂ ಇಲ್ಲ. ಆಡಿಸುವವರು ಕದಿರಯ್ಯ.

೧೯೮೦ರಲ್ಲಿ ಮಾಲೀಕ ಮಲ್ಲಿಕಾರ್ಜುನಯ್ಯ ಬೊಂಬಾಯಿಯಿಂದ ಇದನ್ನು ತಂದ ವಾರಕ್ಕೇ ಕರೆಂಟು ಏರಿ, ತಾನೇ ಆಡುವ ಭಾಗ ಸುಟ್ಟುಹೋಯಿತು. ಪುರವರದಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿದ್ದ ಕದಿರಯ್ಯನಿಗೆ ಬುಲಾವ್ ಬಂತು. "ಸಾಮಾನು ಬರೋಗಂಟ ನೀನೇ ಆಡಯ್ಯ" ಎಂದರಂತೆ. ನಾಲ್ಕು ವರ್ಷವಾಯಿತು, ಸಾಮಾನು ಬಂದಿಲ್ಲ.

ಆಡುವವರ ಹಿಂದಿನ ಗೋಡೆಗೊಂದು ಕ್ಷೌರದಂಗಡಿಯ ಹಳೇ ಕನ್ನಡಿ. ಪರದೆಯ ಸಂದಿಯಿಂದ ಅದರಲ್ಲಿ ಟಿ.ವಿ. ಕಾಣುತ್ತದೆ, ಆಡುವವರ ಬೆನ್ನು ಕಾಣುತ್ತದೆ.

"ಮಕ ಕಾಣಾಕಿಲ್ಲ ಸಾಮಿ, ಟಿ.ವಿ. ಅಡ್ಡ. ಬೆನ್ನೇ ಯೋಳ್ತದೆ. ಹೆಗಲು ಮ್ಯಾಕೆದ್ರೆ ಬ್ಯಾಸರ ಆಗೈತೆ ಅಂತ, ಒಂದು ಬುಟ್ಬುಡ್ತೀನಿ. ಒರಗಿ ಕೂತ್ರೆ ಜಂಬ ಬಂದೈತೆ ಅಂತ, ಬಿಗಿ ಮಾಡ್ತೀನಿ. ಬರೀ ಗೆದ್ರೂ ಜನ ಬರಲ್ಲ, ಬರೀ ಸೋತ್ರೂ ಬರಲ್ಲ" ಎನ್ನುತ್ತಾರೆ, ಪತ್ರಿಕೆಯಿಂದ ಬಂದು ಪಕ್ಕದಲ್ಲಿ ಕೂತ ನನಗೆ.

ದಿನಕ್ಕೆ ಎಪ್ಪತ್ತು ಆಟ. ಹತ್ತರಲ್ಲಿ ಆರು ಗೆಲುವು ಬಂದವರಿಗೆ, ನಾಲ್ಕು ತಮಗೆ. ಎಪ್ಪತ್ತು ಜನರ ಜೊತೆ ಆಡಿಯೂ ಕದಿರಯ್ಯನ ಜೊತೆ ಆಡಿದವರು ಒಬ್ಬರೂ ಇಲ್ಲ. ಹೆಂಡತಿ ತೀರಿಕೊಂಡು ಆರು ವರ್ಷ. ಬುತ್ತಿ ಬಿಚ್ಚುವುದೂ ಪರದೆಯ ಹಿಂದೆ, ಒಬ್ಬರೇ.

"ಪೇಪರಿಗೆ ಮಾತ್ರ ಬರೀಬ್ಯಾಡಿ ಸಾಮಿ. ಒಳಗೆ ಮನ್ಸ ಅವ್ನೆ ಅಂತ ಗೊತ್ತಾದ್ರೆ ಯಾರು ಬಂದಾರು? ಇದೂ ಹೋಯ್ತದೆ" ಎಂದು ಕೈಮುಗಿಯುತ್ತಾರೆ.

ಅಷ್ಟರಲ್ಲಿ ದಾಕ್ಷಾಯಣಮ್ಮ ಬರುತ್ತಾರೆ. ಬುಕ್ಕಾಪಟ್ಟಣದ ನರ್ಸು, ಮಂಗಳವಾರ ಔಷಧಿ ಒಯ್ಯಲು ಬಂದರೆ ವಾಪಸ್ ಬಸ್ಸಿನವರೆಗೆ ಇಲ್ಲೇ ಆಟ. "ಏನಪ್ಪಾ ಮೆಷಿನ್ನು, ನಿನಗಾದ್ರೂ ಪುರುಸೊತ್ತಿದೆಯಲ್ಲ" ಎನ್ನುತ್ತ ಕೂರುತ್ತಾರೆ. ಪ್ರತಿವಾರ ಹೀಗೆ ಏನಾದರೊಂದು ಮಾತು. ಕದಿರಯ್ಯ ಮೊದಲ ಚೆಂಡನ್ನು ಬೇಕೆಂದೇ ಬಿಟ್ಟುಕೊಡುತ್ತಾರೆ.

ಇವತ್ತು ಆಟದ ನಡುವೆ ಕೆಮ್ಮು ಬಂದುಬಿಡುತ್ತದೆ. ಪಂಚೆ ತುದಿ ಬಾಯಿಗೆ ತುರುಕಿಕೊಂಡರೂ ನಿಲ್ಲುವುದಿಲ್ಲ. ಚುಕ್ಕಿ ಕೈತಪ್ಪಿ ಹೋಗುತ್ತದೆ. ಕೆಲಸ ಹೋಯಿತೆಂದೇ ಕದಿರಯ್ಯನ ಜೀವ ಬಾಯಿಗೆ ಬರುತ್ತದೆ.

ಕನ್ನಡಿಯಲ್ಲಿನ ಬೆನ್ನು ಅಲುಗುವುದಿಲ್ಲ. ಪರದೆ ಎತ್ತಿ ನೋಡಲೂ ಆಕೆ ಏಳುವುದಿಲ್ಲ.

"ಒಳಗಿರೋರೇ, ನಂಗೆ ಯಾವತ್ತೋ ಗೊತ್ತು ಕಣ್ರೀ. ಮೆಷಿನ್ನಿಗೆಲ್ಲಿ ಕರುಣೆ ಇರ್ತದೆ? ಇವತ್ತು ಬಿಟ್ಟುಕೊಡಬೇಡಿ. ಮೊದಲಿಂದ ಆಡೋಣ."

ಗೆರೆ ಆಡಿಸುವ ನಾಬನ್ನು ಕದಿರಯ್ಯ ಮತ್ತೆ ಹಿಡಿಯುತ್ತಾರೆ. ಹದಿನೈದು ಪಾಯಿಂಟಿನ ಆಟ, ಒಂದನ್ನೂ ಬೇಕೆಂದು ಬಿಡದೆ ಆಡುತ್ತಾರೆ. ಹದಿನೈದು ಹನ್ನೊಂದಕ್ಕೆ ಮುಗಿಯುತ್ತದೆ, ಗೆಲುವು ಆಕೆಯದು. "ಮುಂದಿನ ಮಂಗಳವಾರ ನೋಡ್ಕೊಳ್ಳೋಣ" ಎಂದು ದಾಕ್ಷಾಯಣಮ್ಮ ಬಸ್ಸಿಗೆ ಓಡುತ್ತಾರೆ.

ಕದಿರಯ್ಯ ಪರದೆಯಾಚೆ ಬಂದು ನಿಲ್ಲುತ್ತಾರೆ. ಮೈಯೆಲ್ಲ ಬೆವರು.

"ಬರೀರಿ ಸಾಮಿ" ಎನ್ನುತ್ತಾರೆ. "ಕದಿರಯ್ಯ ಬುಟ್ಕೊಡದಂಗೆ ಆಡಿ ಸೋತ್ಬುಟ್ಟ ಅಂತ ಬರೀರಿ."