ಸುವಾರ್ತಮ್ಮ ತೀರ್ಪು ಬದಲಿಸಿದ ದಿನ

ರಾಯಲ್ಪಾಡಿನ ಸುವಾರ್ತಮ್ಮನಿಗೆ ಚಿಕ್ಕಂದಿನಿಂದಲೂ ಕಬಡ್ಡಿಯ ಹುಚ್ಚು. ಭಾನುವಾರ ಆರಾಧನೆ ಮುಗಿದದ್ದೇ ತಡ, ಚರ್ಚಿನ ಹಿಂದಿನ ಮಾವಿನ ತೋಪಿನಲ್ಲಿ ಲಂಗ ಎತ್ತಿ ಕಟ್ಟಿ ಆಟಕ್ಕಿಳಿಯುತ್ತಿದ್ದಳು. ಔಟಾದರೂ ಆಗಿಲ್ಲವೆಂದು ವಾದಿಸಿ ಗೆಲ್ಲುವುದರಲ್ಲಿ ಅವಳದೇ ಮೇಲುಗೈ. ಒಂದು ದಿನ ಅಜ್ಜಿ ದೀನಮ್ಮ ಅವಳನ್ನು ಪಕ್ಕಕ್ಕೆ ಕರೆದು, “ದೇವುಡು ಇಕ್ಕಡ ಕೂಡಾ ಉನ್ನಾಡು ತಲ್ಲೀ. ಚರ್ಚಲ್ಲಿ ಮಾತ್ರ ಅಲ್ಲ ಕಣೇ,” ಅಂದಳು. ದೇವರು ಈ ತೋಪಿನಲ್ಲೂ ಇದ್ದಾನೆ ಎಂಬ ಮಾತಿಗೆ ಹುಡುಗಿಯ ಮೈ ಜುಮ್ಮೆಂದಿತು. ಅಂದಿನಿಂದ ಆಟದ ಗೆರೆ ಮೆಟ್ಟುವಾಗಲೂ ಅವಳೊಳಗೆ ಒಂದು ಭಕ್ತಿ, ಒಂದು ಅಳುಕು.

ಮುಂದೆ ಅವಳು ಶ್ರೀನಿವಾಸಪುರದ ಶಾಲೆಯೊಂದರಲ್ಲಿ ಆಟದ ಮೇಷ್ಟ್ರಾದಳು, ರೆಫರಿಯೂ ಆದಳು. ಕಳೆದ ಜನವರಿಯಲ್ಲಿ ಮುಳಬಾಗಿಲಿನಲ್ಲಿ ಹೆಣ್ಣುಮಕ್ಕಳ ಕಬಡ್ಡಿ ಫೈನಲ್. ಟೇಕಲ್ ತಂಡಕ್ಕೂ ಶ್ರೀನಿವಾಸಪುರಕ್ಕೂ ಹಣಾಹಣಿ. ಬರಬೇಕಿದ್ದ ರೆಫರಿ ಕಾಯಿಲೆ ಬಿದ್ದಿದ್ದರು. ಟೇಕಲ್ ತಂಡದ ಕೋಚ್ ಮುನಿರಾಮಪ್ಪನೇ, ಸುವಾರ್ತಮ್ಮ ಶ್ರೀನಿವಾಸಪುರ ತಾಲ್ಲೂಕಿನವಳಾದರೂ ಪರವಾಗಿಲ್ಲ, ಅವಳೇ ರೆಫರಿಯಾದರೆ ನಮ್ಮ ತಕರಾರಿಲ್ಲ ಎಂದು ಒಪ್ಪಿದ.

ಮೈದಾನ ಕಿಕ್ಕಿರಿದಿತ್ತು. ತಮಟೆ, ಕೇಕೆ, ಕಾಂಪೌಂಡಿನ ಮೇಲೂ ಜನ. ಎರಡೇ ರೇಡ್ ಬಾಕಿ ಇರುವಾಗ ಟೇಕಲ್ ಒಂದು ಅಂಕ ಮುಂದಿತ್ತು. ಶ್ರೀನಿವಾಸಪುರದ ಚಂದನ ಉಸಿರು ಹಿಡಿದು ಒಳನುಗ್ಗಿದಳು. ಒಬ್ಬಳನ್ನು ಮುಟ್ಟಿದಳು, ತಿರುಗುವಷ್ಟರಲ್ಲಿ ಇನ್ನೊಬ್ಬಳನ್ನೂ ತಟ್ಟಿದಳು. ಅಷ್ಟರಲ್ಲಿ ಇಬ್ಬರೂ ಅವಳ ಕಾಲಿಗೆ ಜೋತುಬಿದ್ದರು. ಚಂದನ ಧಡಾರನೆ ಬಿದ್ದು ನಡುಗೆರೆಯತ್ತ ಕೈ ಚಾಚಿದಳು. ಧೂಳೆದ್ದಿತು. ಸುವಾರ್ತಮ್ಮ ಸೀಟಿ ಊದಿ, ಚಂದನ ಔಟ್ ಎಂದು ಕೈ ಎತ್ತಿದಳು.

ಟೇಕಲ್ ಕಡೆಯವರು ಕುಣಿದಾಡಿದರು. ಸುವಾರ್ತಮ್ಮ ಮಾತ್ರ ಆ ನಡುಗೆರೆಯನ್ನೇ ನೋಡುತ್ತ ನಿಂತಳು. ಚಂದನಳ ಬೆರಳು ಗೆರೆ ದಾಟಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆಗ ಕಬಡ್ಡಿ ಕಬಡ್ಡಿ ಎಂಬ ಅವಳ ಉಸಿರೂ ಮುರಿದಿರಲಿಲ್ಲ. ತನ್ನೂರ ಕಡೆಯ ಹುಡುಗಿಗೆ ಅಂಕ ಕೊಟ್ಟರೆ ಜನ ಏನಂದಾರೋ ಎಂಬ ಹೆದರಿಕೆ ಅವಳ ಕೈಯನ್ನು ತಪ್ಪು ಕಡೆಗೆ ಎತ್ತಿಸಿತ್ತು.

ಸಹಾಯಕ ಅಂಪೈರ್ ವೆಂಕಟ್‌ನನ್ನು ಕರೆದು ನಿಜ ಹೇಳಿದಳು. ಅವನು ಬೆಚ್ಚಿಬಿದ್ದ. ಧೂಳಲ್ಲಿ ಯಾರಿಗೂ ಕಂಡಿಲ್ಲ, ಈಗ ತೀರ್ಪು ಬದಲಿಸಿದರೆ ಜನ ನಮ್ಮನ್ನು ಸುಮ್ಮನೆ ಬಿಡುವುದಿಲ್ಲ ಎಂದು ಪಿಸುಗುಟ್ಟಿದ.

“ಜನಕ್ಕೆ ಹೆದರಿದ್ದಕ್ಕೇ ಕಣೋ ಈ ತಪ್ಪಾಗಿದ್ದು,” ಅಂದಳು ಸುವಾರ್ತಮ್ಮ. “ಮೇಲಿರೋನಿಗೆ ಮೊದಲು ಹೆದರಿದ್ದಿದ್ರೆ ಬುದ್ಧಿ ನೆಟ್ಟಗಿರ್ತಿತ್ತು.”

ಅಂಕಣದ ನಡುವೆ ನಿಂತು ಉದ್ದಕ್ಕೆ ಸೀಟಿ ಊದಿದಳು. ತಮಟೆ ನಿಂತಿತು. ತನ್ನ ತೀರ್ಪು ತಪ್ಪು, ಚಂದನ ಗೆರೆ ದಾಟಿದ್ದಾಳೆ, ಎರಡು ಅಂಕ ಶ್ರೀನಿವಾಸಪುರಕ್ಕೆ ಎಂದು ಕೂಗಿ ಹೇಳಿದಳು.

ಮೈದಾನ ಹೊತ್ತಿಕೊಂಡಂತಾಯಿತು. ಟೇಕಲ್ ಕಡೆಯವರು ತಾಲ್ಲೂಕು ಪಕ್ಷಪಾತ ಎಂದು ಬೈದರು, ನೀರಿನ ಬಾಟಲಿ ತೂರಿದರು. ಮುನಿರಾಮಪ್ಪ ಮುಖ ಕೆಂಪಗೆ ಮಾಡಿಕೊಂಡು ಅವಳೆದುರು ಬಂದು ನಿಂತ. ಸುವಾರ್ತಮ್ಮ ಕದಲಲಿಲ್ಲ. ಆಶ್ಚರ್ಯವೆಂದರೆ, ಜನರ ಹೆದರಿಕೆಯೇ ಮಾಯವಾಗಿತ್ತು. ಎದೆಯೊಳಗೆ ಹಬ್ಬದ ದಿನದಂಥ ಹಗುರ. ಕೊನೆಯ ರೇಡ್ ಬಾಕಿ ಇದೆ, ಆಡಿ ಎಂದಳು.

ಟೇಕಲ್‌ನ ರಮ್ಯ ನುಗ್ಗಿದಳು. ಎಂಥ ರೇಡ್ ಅದು! ಮಿಂಚಿನಂತೆ ಹೊಕ್ಕು ಇಬ್ಬರನ್ನು ತಟ್ಟಿ, ಹಿಡಿದವರನ್ನೆಲ್ಲ ಎಳೆದುಕೊಂಡೇ ನಡುಗೆರೆಯತ್ತ ತೆವಳಿದಳು. ಗೆರೆಗೆ ಬೆರಳಗಲ ಇರುವಾಗ ಉಸಿರು ಮುರಿಯಿತು. ಅದೇ ಧೂಳು, ಅದೇ ಗುಂಪು. ಇಡೀ ಮೈದಾನ ಸುವಾರ್ತಮ್ಮನ ಮುಖ ನೋಡಿತು.

ಔಟ್ ಎಂದು ಕೈ ಎತ್ತಿದಳು. ರಮ್ಯಳೇ ಎದ್ದು, ಮಣ್ಣು ಕೊಡವಿ, ಹೌದೆಂದು ತಲೆಯಾಡಿಸಿದಳು. ಮರುಕ್ಷಣ ಶ್ರೀನಿವಾಸಪುರದ ಹುಡುಗಿಯರು ಚಂದನಳನ್ನು ಹೆಗಲ ಮೇಲೆ ಹೊತ್ತು ಕಿರುಚುತ್ತ ಓಡಿದರು, ತಮಟೆ ಮತ್ತೆ ಮೊಳಗಿತು.

ಸುವಾರ್ತಮ್ಮ ಸ್ಕೂಟರ್ ಹತ್ತುವ ಹೊತ್ತಿಗೆ ಮುನಿರಾಮಪ್ಪ ಬಂದ. “ಮುಂದಿನ ತಿಂಗಳು ಟೇಕಲ್‌ನಲ್ಲೇ ಟೂರ್ನಮೆಂಟ್ ಇಟ್ಕೊಂಡಿದೀವಿ ಮೇಡಂ,” ಅಂದ. “ರೆಫರಿ ನೀವೇ ಆಗ್ಬೇಕು. ಬರ್ತೀರಾ?”

“ಬರ್ತೀನಿ ಅಣ್ಣಾ,” ಎಂದಳು ಸುವಾರ್ತಮ್ಮ. ದಾರಿಯುದ್ದಕ್ಕೂ ಗಂಟಲು ಬಿಟ್ಟು ಕೀರ್ತನೆ ಹಾಡುತ್ತಲೇ ಮನೆ ಸೇರಿದಳು.