ತೂಕದ ತಟ್ಟೆಯ ಮೇಲೆ ಕುಂಕುಮ

ಪಾಂಡೇಸರಾ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆಗೆ ಬಣ್ಣ ಹಾಕುವ ನಮ್ಮ ಡೈಯಿಂಗ್ ಮಿಲ್‌ನ ಲ್ಯಾಬಿಗೆ ಇವತ್ತು ಹೊಸ ಮಷೀನ್ ಬಂತು, ಗೆಳೆಯರೇ. ಬಣ್ಣದ ಪುಡಿಯನ್ನು ತಾನೇ ತೂಗಿ, ಕಲಸಿ, ಸ್ಯಾಂಪಲ್ ಬಟ್ಟೆಗೆ ಹಾಕುತ್ತದಂತೆ. ಮಾಲೀಕ ಶೇಠರು ಪೂಜೆ ಮಾಡಿಸಿದರು. ಎಲ್ಲ ಬಿಟ್ಟು ತೂಕದ ತಟ್ಟೆಯ ಮೇಲೆಯೇ ಕುಂಕುಮದಲ್ಲಿ ಸ್ವಸ್ತಿಕ ಬರೆದು ಅಕ್ಷತೆ ಸುರಿದರು. 'ತಟ್ಟೆ ಖಾಲಿ ಮಾಡಿ' ಎಂದು ಮಷೀನ್ ಕೆಂಪು ದೀಪ ಹೊತ್ತಿಸಿಕೊಂಡು ಕೂತಿತು. ನಾನು ಒರೆಸಲು ಹೋದೆ.

"ಶುಭ ಶಕುನ, ರಾವ್‌ಭಾಯ್. ದೀಪಾವಳಿ ತನಕ ಯಾರೂ ಮುಟ್ಟಬಾರದು" ಎಂದರು ಶೇಠರು.

"ಮತ್ತೆ ಸ್ಯಾಂಪಲ್?"

"ನಿಮ್ಮ ಕೈ ಇದೆಯಲ್ಲ."

ಸಂಜೆ ಗಿರಾಕಿ ಬಂದರು. ನಾನು ಹಳೇ ತಕ್ಕಡಿಯಲ್ಲಿ ತೂಗಿ ಮಾಡಿದ ನೀಲಿ ಸ್ಯಾಂಪಲ್ಲನ್ನೇ ಎತ್ತಿ ತೋರಿಸಿ ಶೇಠರು ಹೇಳಿದರು: "ನೋಡಿ, ಎಲ್ಲ ಮಷೀನಿಂದೇ. ಮನುಷ್ಯರ ಕೈ ಸೋಕಿಲ್ಲ."

ನೀಲಿ ಮೆತ್ತಿದ ನನ್ನ ಹತ್ತು ಬೆರಳು ಬಹುಶಃ ಮಷೀನಿನ ಜೊತೆಗೇ ಬಂದ ಬಿಡಿಭಾಗ.