ಕಾಲುಂಗುರಕ್ಕೆ ಜಾಗವಿದ್ದ ಬೂಟು

ಕಾರ್ಖಾನೆಯಿಂದ ನಿವೃತ್ತರಾಗುವ ಮೊದಲು ಕಂಪನಿ ಖರ್ಚಿನಲ್ಲಿ ಸಿಗುವ ಕೊನೆಯ ಪ್ರವಾಸಕ್ಕೆ ಅಪ್ಪ ಶಿಮ್ಲಾ ಎಂದು ಬರೆದುಕೊಟ್ಟು ಬಂದರು. ತೊಂಬತ್ತರ ದಶಕದ ಮಾತು. ನಾವು ಮೂವರೂ ಹೋಗುವುದು ಜನವರಿಯಲ್ಲಿ. ಹಿಮದ ಮೇಲೆ ನಡೆಯಬೇಕೆಂಬುದು ಅಮ್ಮನ ಹಟ. ಆದರೆ ಊರ ಹೊರಗೆ, ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನಾಚೆಯ ಹಳ್ಳಿಯಲ್ಲಿ ಹುಟ್ಟಿದ ಅಮ್ಮ ಹವಾಯಿ ಚಪ್ಪಲಿ ಬಿಟ್ಟು ಬೇರೇನನ್ನೂ ಮೆಟ್ಟಿದವಳಲ್ಲ. ಬೆಚ್ಚನೆಯ ಬೂಟಿಲ್ಲದಿದ್ದರೆ ಹೋಟೆಲಿನ ಕಿಟಕಿಯಿಂದಲೇ ಹಿಮ ನೋಡಬೇಕಾಗುತ್ತದೆ ಎಂದು, ಅಲ್ಲಿಗೆ ಹೋಗಿಬಂದಿದ್ದ ಪಕ್ಕದ ಮನೆಯವರು ಹೆದರಿಸಿದರು.

ಬೂಟು ಕೊಡಿಸುವ ಕೆಲಸ ನನ್ನ ತಲೆಗೆ ಬಂತು. ತಾಳ್ಮೆಗೂ ನನಗೂ ಅಷ್ಟಕ್ಕಷ್ಟೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬೆಲೆ ಕೇಳಿಯೇ ಹೊರಬಿದ್ದೆವು. ಶಿವಾಜಿನಗರದ ಫುಟ್‌ಪಾತಿನಲ್ಲಿ ಹಳೇ ಮಿಲಿಟರಿ ಬೂಟು ಸಿಕ್ಕವು. ಅಗ್ಗ, ಗಟ್ಟಿ, ಬೆಚ್ಚಗೆ ಬೇರೆ.

"ಇದು ಪೊಲೀಸಪ್ಪಂದು ಕಣೆ. ನಂಗೆ ಹಂಗಲ್ಲ, ಲೇಡೀಸು ಬೂಟು ಬೇಕು" ಅಂದಳು ಅಮ್ಮ. ಆಮೇಲೆ ಒಂದೇ ಉಸಿರಿಗೆ ವಿವರ ಕೊಟ್ಟಳು. ಕಂದು ಬಣ್ಣ, ಗುಂಡನೆಯ ಮುಂಭಾಗ, ಕಾಲಿನ ಗಂಟು ಮುಚ್ಚುವಷ್ಟು ಎತ್ತರ, ಪುಟ್ಟ ಹೀಲು, ಲಾಡಿ ಪೋಣಿಸಲು ಒಂದೊಂದು ಕಡೆಗೆ ಏಳು ತೂತು.

"ಎಲ್ಲಿ ನೋಡಿದ್ದೆ ಇದನ್ನ?"

ಹುಡುಗಿಯಾಗಿದ್ದಾಗ ಅಮ್ಮ ದಂಟಿನ ಸೊಪ್ಪು ಹೊತ್ತು ಕಂಟೋನ್ಮೆಂಟಿನ ಬಂಗಲೆಯೊಂದಕ್ಕೆ ಹೋಗುತ್ತಿದ್ದಳಂತೆ. ಅಂಗಳದಲ್ಲಿ ಕಾಯುತ್ತಿದ್ದರೆ ದೊರೆಸಾನಿ ಮೇಲೆ ಜಗಲಿಯಲ್ಲಿ ಟಕ್ ಟಕ್ ಎಂದು ಓಡಾಡುತ್ತಿದ್ದರಂತೆ. ತಲೆ ಮೇಲೆ ಬುಟ್ಟಿ ಇದ್ದರೆ ಕತ್ತು ಎತ್ತುವ ಹಾಗಿಲ್ಲ. ಹಾಗಾಗಿ ಅಮ್ಮ ಆ ಹೆಂಗಸಿನ ಮುಖ ನೋಡಿದ್ದೇ ಇಲ್ಲ, ಬೂಟು ಮಾತ್ರ ನೋಡಿದ್ದಾಳೆ. ನಲವತ್ತೈದು ವರ್ಷ ಒಂದು ಜೊತೆ ಬೂಟನ್ನು ತೂತುಗಳ ಲೆಕ್ಕದ ಸಮೇತ ಮನಸ್ಸಿನಲ್ಲಿಟ್ಟುಕೊಂಡಿದ್ದವಳು ನನ್ನ ಪಕ್ಕದಲ್ಲೇ ಇದ್ದಳು, ನನಗೆ ಗೊತ್ತೇ ಇರಲಿಲ್ಲ. ಬೆರಗಾಗಿ ನಿಂತುಬಿಟ್ಟೆ.

ಮುಂದೊಂದು ಅಂಗಡಿಯಲ್ಲಿ ಹೆಚ್ಚುಕಡಿಮೆ ಅಂಥದ್ದೇ ಸಿಕ್ಕಿತು. ಹಾಕಿದರೆ ಕಾಲುಂಗುರ ಒತ್ತಿ ಅಮ್ಮನ ಕಣ್ಣಲ್ಲಿ ನೀರು. ದೊಡ್ಡ ಸೈಜು ಹಾಕಿದರೆ ಹಿಮ್ಮಡಿ ಕಳಚುತ್ತಿತ್ತು.

"ನಾಲ್ಕು ದಿನ ಕಾಲುಂಗುರ ತೆಗೆದಿಟ್ರೆ ಗಂಟೇನು ಹೋಗುತ್ತೆ?" ಎಂದು ರೇಗಿದೆ.

"ನಿಮ್ಮಪ್ಪ ಇರೋಗಂಟ ತೆಗೆಯಲ್ಲ. ಕಿಟ್ಕೀಲೇ ನೋಡ್ತೀನಿ ಬಿಡು."

ಅಂಗಡಿಯವನು ಬೂಟನ್ನು ವಾಪಸ್ ಡಬ್ಬಕ್ಕೆ ತುಂಬಿದ. ಅಮ್ಮ ಆ ಡಬ್ಬವನ್ನೇ ನೋಡುತ್ತಾ ಹವಾಯಿ ಚಪ್ಪಲಿ ಮೆಟ್ಟಿದಳು.

ಮರುದಿನ ಹಲಸೂರಿನ ಗಲ್ಲಿಯಲ್ಲಿ ಬೂಟು ಹೊಲಿಯುವ ಮುದುಕರೊಬ್ಬರನ್ನು ಹುಡುಕಿದೆ. ಅವರು ನ್ಯೂಸ್‌ಪೇಪರು ಹಾಸಿ, "ಕಾಲು ಇಡಿ ಅಮ್ಮಾ" ಎಂದು ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆದರು. ಕಾಲುಂಗುರ ತೆಗೆಯಿರಿ ಎನ್ನಲಿಲ್ಲ. ಅವುಗಳ ಜಾಗದಲ್ಲಿ ಎರಡು ಚುಕ್ಕಿ ಇಟ್ಟರು. ಬೂಟು ಹೊಲಿಯುವ ಮರದ ಕಾಲಚ್ಚಿನ ಮೇಲೆ, ಸರಿಯಾಗಿ ಅದೇ ಬೆರಳಿನ ಹತ್ತಿರ, ಚರ್ಮದ ಚೂರು ಅಂಟಿಸಿ ಉಬ್ಬು ಮಾಡಿದರು. ನಾನು ಕೂಗಾಡಿಯೂ ಬಗೆಹರಿಸಲಾಗದ್ದನ್ನು ಈ ಮನುಷ್ಯ ಬೆರಳಗಲದ ಚರ್ಮದಲ್ಲಿ ಮುಗಿಸಿದ್ದರು. ಕೈ ಮುಗಿಯಬೇಕು ಅನ್ನಿಸಿತು.

ಒಳಗೆ ಉಣ್ಣೆ ಹಾಕಿದರೆ ದುಡ್ಡು ಜಾಸ್ತಿ ಎಂದರು. ಅಮ್ಮ ಚೀಲದಿಂದ ತವರಿನ ಕಂಬಳಿಯ ತುಂಡು ತೆಗೆದಳು! ಯಾವಾಗ ಕತ್ತರಿಸಿ ಇಟ್ಟುಕೊಂಡಿದ್ದಳೋ.

"ಐಸಲ್ಲಿ ನಡೆಯೋಕೆ ಹೀಲು ಬೇಡ ಅಮ್ಮಾ, ಜಾರುತ್ತೆ" ಎಂದರು ಮುದುಕರು.

"ಒಸಿ ಇರ್ಲಿ ಅಣ್ಣಾ. ಸದ್ದು ಬರ್ಬೇಕು."

ಶಿಮ್ಲಾದಲ್ಲಿ ಅಪ್ಪನ ಕ್ಯಾನ್ವಾಸ್ ಶೂ ಹತ್ತೇ ನಿಮಿಷಕ್ಕೆ ನೆನೆದು, ಅವರು ಹಲ್ಲು ಕಟಕಟಿಸುತ್ತಾ ಹೋಟೆಲಿಗೆ ಓಡಿದರು. ಅಮ್ಮ ಸೀರೆಯನ್ನು ಒಂದಿಷ್ಟು ಎತ್ತಿ ಕಟ್ಟಿ, ಹಿಮದಲ್ಲಿ ಮನಸೋ ಇಚ್ಛೆ ನಡೆದಳು. ಕಂದು ಬೂಟಿನ ಮೇಲೆ ಕಾಲುಂಗುರದ ಉಬ್ಬು ಎರಡೂ ಕಡೆ ಮೆಲ್ಲಗೆ ಹೊಳೆಯುತ್ತಿತ್ತು. ಎಷ್ಟು ಚೆಂದ ಕಾಣುತ್ತಿದ್ದಳು ನಮ್ಮಮ್ಮ.

ಹೋಟೆಲಿನ ಜಗಲಿಗೆ ಮರದ ಮೆಟ್ಟಿಲುಗಳಿದ್ದವು. ಅಮ್ಮ ಟಕ್ ಟಕ್ ಎಂದು ಹತ್ತಿದಳು. ಮೇಲೆ ಹೋಗಿ ಒಂದು ಗಳಿಗೆ ನಿಂತು, ಮತ್ತೆ ಕೆಳಗಿಳಿದು ಬಂದಳು.

"ಏನಮ್ಮ, ಏನಾದ್ರೂ ಬೀಳಿಸ್ಕೊಂಡ್ಯಾ?" ಎಂದೆ.

"ಏನಿಲ್ಲ ಕಣೆ. ಆಗ ಮೆಟ್ಲು ಹತ್ತಕ್ಕೆ ಬಿಡ್ತಿರ್ಲಿಲ್ಲ" ಎಂದು, ಕತ್ತು ನೇರ ಎತ್ತಿ, ಇನ್ನೊಮ್ಮೆ ಹತ್ತಿದಳು.